ಹೊರುವವನಿಗೆ ಮೊದಲು ಎಣ್ಣೆ

ಚಾಮರಾಜನಗರ
15 ಸೆಪ್ಟೆಂಬರ್ 1997

ಪ್ರೀತಿಯ ಶಾಂತು,

ನಿಂಗರಾಜು ರಜೆ ಮುಗಿಸಿ ನಾಳಿದ್ದು ಮುಂಬಯಿಯ ರೈಲು ಹತ್ತುತ್ತಾನೆ. ನಿನ್ನೆ ಗುಂಡ್ಲುಪೇಟೆಯಿಂದ ಬಂದು ಅವ್ವನ ಕೈಯಲ್ಲಿ ಊಟ ಮಾಡಿ ಹೋದ. ಉಮ್ಮತ್ತೂರಿನ ಹಿಟ್ಟಿನ ಗಿರಣಿಯಲ್ಲಿ ಅಪ್ಪನ ಕೈಕೆಳಗೆ ಚೀಲ ಎತ್ತುತ್ತಿದ್ದವನು ಈಗ ನಿನ್ನ ಹಡಗುಕಟ್ಟೆಯ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡೇ ಬಂದಿದ್ದ. “ಅದ್ಯಾಕ್ಲಾ ನಿಂಗ, ದನುಕ್ಕೆ ಗಂಟೆ ಕಟ್ದಂಗೆ ಕಟ್ಕಂಡಿದ್ದೀಯ?” ಎಂದಳು ಅವ್ವ. “ಇದಿಲ್ದಿದ್ರೆ ಗೇಟಲ್ಲಿ ಬುಡಕಿಲ್ಲ ಕಣವ್ವ” ಎಂದ. “ಇದು ನಿನ್ನಟ್ಟಿ ಕಣ್ಲಾ, ಬಿಚ್ಚಾಕಿ ಉಣ್ಣು” ಎಂದು ಅವಳೇ ತೆಗೆದಿಟ್ಟಳು. ಈ ಆರು ತಿಂಗಳಲ್ಲಿ ಅವನು ಸ್ವಲ್ಪ ದಪ್ಪಗಾಗಿದ್ದಾನೆ. ಅವನಿಗೆ ಅಲ್ಲಿ ಕೆಲಸ ಕೊಡಿಸಿದ್ದು ಒಳ್ಳೆಯದು ಮಾಡಿದೆ.

ಅವನ ಕೈಯಲ್ಲಿ ಒಂದು ಬಾಟಲಿ ಹುಚ್ಚೆಳ್ಳೆಣ್ಣೆ ಕಳಿಸಿದ್ದೇನೆ. ಅಡುಗೆಗಲ್ಲ, ಆಯುಧಪೂಜೆಗೆ. ಗಿರಣಿಯಲ್ಲಿ ಅಪ್ಪ ಪೂಜೆ ಮಾಡುತ್ತಿದ್ದುದು ನಿನಗೆ ಎಷ್ಟು ನೆನಪಿದೆಯೋ. ಬೇರೆಯವರು ಎಂಜಿನ್ನಿನ ಹಣೆಗೆ ಕುಂಕುಮ ಹಚ್ಚಿ ಹೂ ಏರಿಸಿದರೆ ಮುಗಿಯಿತು. ಅಪ್ಪ ಮಾತ್ರ ಮೊದಲು ಮಂಡಿಯೂರಿ, ಎಂಜಿನ್ನಿನ ಕೆಳಗಿದ್ದ ಹಲಸಿನ ದಿಮ್ಮಿಗಳಿಗೆ ಕೈತುಂಬ ಎಣ್ಣೆ ಬಳಿಯುತ್ತಿದ್ದ. “ಕುಣಿಯೋನ್ಗೆ ಎಲ್ರೂ ಊವ ಆಕ್ತಾರೆ. ಒರೋನ್ಗೆ ಮೊದ್ಲು ಎಣ್ಣೆ ಆಕು” ಎನ್ನುತ್ತಿದ್ದ. ನಾನು ಓದಿದ ಎಷ್ಟೋ ಪದ್ಯಗಳು ಮರೆತುಹೋಗಿವೆ, ಅದು ಮರೆತಿಲ್ಲ. ನಿನಗೂ ಈಗ ಒಂದು ಎಂಜಿನ್ನು ಇದೆ ಎಂದು ನಿಂಗರಾಜು ಹೇಳಿದ. ಅಪ್ಪನ ಹಾಗೆಯೇ ಮಾಡು.

ಜೊತೆಗೆ ಒಂದು ಫೋಟೋ ಇಟ್ಟಿದ್ದೇನೆ. ಹುಡುಗಿಯ ಹೆಸರು ಸ್ವರ್ಣಲತಾ, ಯಳಂದೂರಿನ ಶಾಲೆಯಲ್ಲಿ ಮೇಡಂ. ಒತ್ತಾಯವಿಲ್ಲ. ಆದರೆ ನೋಡಿ, ಏನಾದರೂ ಬರೆ.

ನೀವು ಕಟ್ಟುವುದು ಕಣ್ಣಿಗೆ ಕಾಣದ ಹಡಗಂತೆ, ಹೌದೆ? ಅವ್ವ ಕೇಳುತ್ತಾಳೆ: “ಕಾಣ್ದಿದ್ರೆ ಅತ್ತೋದು ಎಂಗೆ?”

ಅಕ್ಕ


ಮುಂಬಯಿ
26 ಸೆಪ್ಟೆಂಬರ್ 1997

ಅಕ್ಕನಿಗೆ ನಮಸ್ಕಾರ.

ಎಣ್ಣೆ ಚೆಲ್ಲದೆ ಬಂದು ಸೇರಿತು. ನಿಂಗಣ್ಣ ಅದನ್ನು ರೈಲಿನಲ್ಲಿ ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಂದನಂತೆ.

ಅವ್ವನಿಗೆ ಹೇಳು: ಹತ್ತುವವರಿಗೆ ಕಾಣುತ್ತದೆ, ಹುಡುಕುವವರಿಗೆ ಕಾಣುವುದಿಲ್ಲ. ಪತ್ರಿಕೆಗಳಲ್ಲಿ ಬಂದಷ್ಟನ್ನು ನಾನೂ ಬರೆಯಬಹುದು. ನಾವು ಕಟ್ಟುವ ಫ್ರಿಗೇಟ್ ಎಂದರೆ ನಡುಗಾತ್ರದ ಯುದ್ಧನೌಕೆ. ಶತ್ರುವಿನ ರೇಡಾರು ಒಂದು ಅಲೆಯನ್ನು ಬಿಟ್ಟು, ಅದು ತಗುಲಿ ವಾಪಸ್ಸು ಬರುವುದನ್ನು ಕಾಯುತ್ತದೆ. ಹಡಗಿನ ಗೋಡೆ ನೆಟ್ಟಗಿದ್ದರೆ ಅಲೆ ನೇರವಾಗಿ ತಿರುಗಿ ಹೋಗಿ ಚಾಡಿ ಹೇಳುತ್ತದೆ. ಗೋಡೆಯನ್ನು ಓರೆ ಮಾಡಿದರೆ ಅಲೆ ಎತ್ತಲೋ ಚದುರುತ್ತದೆ. ಅದಕ್ಕೇ ಹೊಸ ಹಡಗಿನ ಮೈಯೆಲ್ಲ ಓರೆ. ಏಣಿ, ದೋಣಿ, ಸರಪಳಿ, ಯಾವುದೂ ಹೊರಗೆ ಕಾಣದ ಹಾಗೆ ಮುಚ್ಚುತ್ತೇವೆ. ಹೊಗೆಯನ್ನು ಕೂಡ ತಣ್ಣಗೆ ಮಾಡಿ ಬಿಡುತ್ತೇವೆ, ಬಿಸಿಯನ್ನು ಹುಡುಕುವ ಕಣ್ಣುಗಳೂ ಇವೆ.

ನನ್ನ ಪಾಲಿಗೆ ಬಂದಿರುವುದು ಸದ್ದು. ನೀರಿನೊಳಗೆ ಸದ್ದು ಬಲು ದೂರ ಹೋಗುತ್ತದೆ, ಜಲಾಂತರ್ಗಾಮಿಗಳು ಕಿವಿಗೊಟ್ಟು ಕೂತಿರುತ್ತವೆ. ಹಾಗಾಗಿ ಎಂಜಿನ್ನನ್ನು ಹಡಗಿನ ತಳಕ್ಕೆ ನೇರವಾಗಿ ಬಿಗಿಯುವುದಿಲ್ಲ. ಒಂದು ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸಿ, ಅದರ ಕೆಳಗೆ ರಬ್ಬರಿನ ಪಾದಗಳನ್ನು ಕೊಡುತ್ತೇವೆ. ಎಂಜಿನ್ನಿನ ನಡುಕವೆಲ್ಲ ರಬ್ಬರಿನಲ್ಲೇ ಸಾಯಬೇಕು, ತಳಕ್ಕೆ ಇಳಿಯಬಾರದು. ಈಗ ದಡದ ಮೇಲೆ ಒಂದು ಶೆಡ್ಡಿನಲ್ಲಿ ಹಡಗಿನ ತಳದ ಒಂದು ತುಂಡನ್ನು ಕಟ್ಟಿ, ಅದರ ಮೇಲೆ ಇದನ್ನೆಲ್ಲ ಕೂರಿಸಿದ್ದೇವೆ. ನವೆಂಬರಿನಲ್ಲಿ ಪರೀಕ್ಷೆ. ಚೆನ್ನಾಗಿ ಬಂದರೆ ಹೊಸ ಹಡಗಿನ ವಿನ್ಯಾಸ ತಂಡಕ್ಕೆ ನನ್ನನ್ನು ತೆಗೆದುಕೊಳ್ಳುತ್ತಾರೆ ಎಂದು ಮುಖ್ಯ ಎಂಜಿನಿಯರರು ಬಾಯಿಬಿಟ್ಟೇ ಹೇಳಿದ್ದಾರೆ. ಒಂಬತ್ತು ವರ್ಷ ಬೇರೆಯವರ ನಕ್ಷೆಗಳನ್ನು ತಿದ್ದಿದೆ. ಈ ಸಲ ಮೊದಲ ಗೆರೆಯಿಂದ ಇರುತ್ತೇನೆ, ಅಕ್ಕ. ನನಗೆ ಬೇಕಾಗಿರುವುದು ಅದೊಂದೇ.

ಶೆಡ್ಡನ್ನು ಗುಡಿಸಿ ಒರೆಸುವ ಕೆಲಸ ನಿಂಗಣ್ಣನ ಗುತ್ತಿಗೆದಾರನದು. “ಗಿರಣೀಲಿ ಇಟ್ಟಿನ ದೂಳು, ಇಲ್ಲಿ ಕಬ್ಬಿಣದ ದೂಳು. ಕೆಮ್ಮು ಮಾತ್ರ ಅದೇ ಕಣಪ್ಪ” ಎನ್ನುತ್ತಾನೆ.

ಪೂಜೆ ಮಾಡುತ್ತೇನೆ.

ಶಾಂತರಾಜು


ಮುಂಬಯಿ
13 ಅಕ್ಟೋಬರ್ 1997

ಅಕ್ಕ,

ಪೂಜೆ ಆಯಿತು. ಬರೆಯದೆ ನಿದ್ದೆ ಬರುವುದಿಲ್ಲ.

ಇಲ್ಲಿಯವರು ಯಂತ್ರಕ್ಕೆ ಚೆಂಡುಹೂವಿನ ಹಾರ ಹಾಕಿ, ತೆಂಗಿನಕಾಯಿ ಒಡೆದು ಪೇಢೆ ಹಂಚುತ್ತಾರೆ. ನಾನು ತಡೆದು, ನಮ್ಮೂರಿನದೊಂದು ಕ್ರಮವಿದೆ ಎಂದೆ. ಶೂ ಬಿಚ್ಚಿ, ಚೌಕಟ್ಟಿನ ಕೆಳಗೆ ನುಸುಳಿ, ಒಂದೊಂದು ಪಾದಕ್ಕೂ ಅವ್ವನ ಎಣ್ಣೆ ಬಳಿದೆ. ಪಾದಗಳು ಒಂದೊಂದು ಉಕ್ಕಿನ ಬಟ್ಟಲಿನಲ್ಲಿ ಕೂತಿವೆ. ಬಾಟಲಿ ಖಾಲಿಯಾಗುವವರೆಗೂ ಸುರಿದೆ. ನಿಂಗಣ್ಣ ದೀಪ ಹಿಡಿದಿದ್ದ. “ಕೆಂಪ್ ಕೈ ಮುದ್ಕ ಇದ್ದಿದ್ರೆ ಕುಣಿದ್ಬುಡೋನು” ಎಂದ. ಖಾರದ ಪುಡಿ ಬೀಸಿ ಬೀಸಿ ಕೈ ಕೆಂಪಾಗಿದ್ದ ಅಪ್ಪನನ್ನು ಅವನು ಈಗಲೂ ಹಾಗೇ ಕರೆಯುವುದು. ಮುಖ್ಯ ಎಂಜಿನಿಯರರು ಬಂದು, ಏನು ಎತ್ತ ಎಂದು ಕೇಳಿ, ಕೈಮುಗಿದು ನಿಂತರು. ಹುಚ್ಚೆಳ್ಳಿನ ವಾಸನೆ ಶೆಡ್ಡಿಗೆಲ್ಲ ಹರಡಿ, ಒಂದು ಗಳಿಗೆ ನಾನು ಎಲ್ಲಿದ್ದೇನೆ ಎಂದೇ ತಿಳಿಯಲಿಲ್ಲ.

ಆಮೇಲೆ ಹಬ್ಬದ ರಜೆಗೆ ಶೆಡ್ಡಿಗೆ ಬೀಗ ಹಾಕಿದರು. ಇವತ್ತೂ ತೆರೆದಿಲ್ಲ.

ಶಾಂತರಾಜು


ಚಾಮರಾಜನಗರ
24 ಅಕ್ಟೋಬರ್ 1997

ಪ್ರೀತಿಯ ಶಾಂತು,

ನಿನ್ನ ಕಾಗದವನ್ನು ಅವ್ವನಿಗೆ ಮೂರು ಸಲ ಓದಿದೆ. ನೀನು ಚೌಕಟ್ಟಿನ ಕೆಳಗೆ ನುಸುಳಿದ ಕಡೆಗೆ ಬಂದಾಗಲೆಲ್ಲ “ಇನ್ನೊಂದ್ಸಲ ಓದಮ್ಮಿ” ಎನ್ನುತ್ತಿದ್ದಳು.

ಜಿಲ್ಲೆಯಾದ ಮೇಲೆ ನಮ್ಮೂರಿನಲ್ಲಿ ದಿನಕ್ಕೊಂದು ಹೊಸ ಬೋರ್ಡು. ಬೋರ್ಡು ಮೊದಲು ಬರುತ್ತದೆ, ಕಚೇರಿ ಆಮೇಲೆ. ನಾನು ಎಂದಿನ ಹಾಗೆ ಬೆಳಗಿನ ಬಸ್ಸಿಗೆ ಗುಂಡ್ಲುಪೇಟೆಯ ಕಾಲೇಜಿಗೆ ಹೋಗಿ ಸಂಜೆಗೆ ಬರುತ್ತೇನೆ. ಈ ವಾರವೆಲ್ಲ ಗೋಪಾಲಸ್ವಾಮಿ ಬೆಟ್ಟ ಮೋಡದೊಳಗೇ ಇತ್ತು. ಕಾಣದ್ದರಿಂದ ಬೆಟ್ಟ ಇಲ್ಲವೆಂದು ಯಾರೂ ಅನ್ನುವುದಿಲ್ಲ. ನಿನ್ನ ಹಡಗಿನ ಬಗ್ಗೆ ಯೋಚಿಸುವಾಗ ಮಾತ್ರ ನನಗೆ ಸಮಾಧಾನವಿಲ್ಲ. ಇದ್ದೂ ಇಲ್ಲದಂತಿರುವ ವಿದ್ಯೆಯನ್ನು ನೀನು ಇಷ್ಟು ಪ್ರೀತಿಯಿಂದ ಕಲಿತೆಯಲ್ಲ ಎಂದು. ಇದು ಸುಮ್ಮನೆ ಬಂದ ಯೋಚನೆ. ತಪ್ಪು ತಿಳಿಯಬೇಡ.

ಫೋಟೋ ನೋಡಿದೆಯಾ?

ಅಕ್ಕ


ಮುಂಬಯಿ
29 ನವೆಂಬರ್ 1997

ಅಕ್ಕ,

ಕೆಲಸ ಹೆಚ್ಚು. ಪರೀಕ್ಷೆ ಅಂದುಕೊಂಡ ಹಾಗೆ ಆಗಲಿಲ್ಲ. ಇನ್ನು ಮುಂದೆ ಇಲ್ಲಿಯ ವಿಷಯವನ್ನು ಕಾಗದದಲ್ಲಿ ಬರೆಯದಿರುವುದು ಒಳ್ಳೆಯದು. ನಾನು ಹಿಂದೆ ಬರೆದವನ್ನೂ ಯಾರಿಗೂ ಓದಬೇಡ.

ಎಣ್ಣೆ, ಚಟ್ನಿಪುಡಿ ಏನನ್ನೂ ಯಾರ ಕೈಯಲ್ಲೂ ಕಳಿಸಬೇಡ.

ಶಾಂತರಾಜು


ಚಾಮರಾಜನಗರ
10 ಡಿಸೆಂಬರ್ 1997

ಪ್ರೀತಿಯ ಶಾಂತು,

ನಿನ್ನ ಕಾಗದದಲ್ಲಿ ಅವ್ವನ ಮಾತೇ ಇರಲಿಲ್ಲ. ಅವಳು ಕೇಳಿದಾಗ ನಾನೇ ಎರಡು ಸಾಲು ಸೇರಿಸಿ ಓದಿದೆ.

ನಿನ್ನ ಸಿಟ್ಟು ಯಾಕೆಂದು ಬಲ್ಲೆ. ಫೋಟೋ ಕಳಿಸಿದ್ದು ನಿನಗೆ ಹಿಡಿಸಲಿಲ್ಲ. ಎರಡೆರಡು ಸಲ ಕೇಳಿದ್ದು ಇನ್ನೂ ತಪ್ಪಾಯಿತು. ಹುಡುಗಿಯ ಕಡೆಯವರಿಗೆ, ಸದ್ಯಕ್ಕೆ ಬೇಡವಂತೆ ಎಂದು ಹೇಳಿ ಕಳಿಸಿದ್ದೇನೆ. ಮದುವೆಯಿಲ್ಲದೆ ಬದುಕಿದವಳು ನಾನು. ನಿನ್ನ ಮೇಲೆ ಅದನ್ನು ಹೇರುವ ಹಕ್ಕು ನನಗೆಲ್ಲಿದೆ? ಅಲ್ಲಿ ನಿನ್ನ ಮನಸ್ಸಿಗೆ ಬಂದವರು ಯಾರಾದರೂ ಇದ್ದರೆ ಧೈರ್ಯವಾಗಿ ಬರೆ. ಯಾವ ಭಾಷೆಯವಳಾದರೂ ಅವ್ವನನ್ನು ಒಪ್ಪಿಸುವುದು ನನ್ನ ಪಾಲು.

ಒಂದು ಸಾಲಾದರೂ ಹಾಕು.

ಅಕ್ಕ


ಗುಂಡ್ಲುಪೇಟೆ
9 ಜನವರಿ 1998

ಶಾಂತು,

ನಿನ್ನ ಉತ್ತರಕ್ಕೆ ಕಾಯದೆ ಕಾಲೇಜಿನಿಂದಲೇ ಬರೆಯುತ್ತಿದ್ದೇನೆ. ಈಗಷ್ಟೇ ನಿಂಗರಾಜುವಿನ ಹೆಂಡತಿ ಮಲ್ಲಿಗಮ್ಮ ಬಂದು ಹೋದಳು. ಈರುಳ್ಳಿ ಮಂಡಿಯಿಂದ ನೇರ ಬಂದಿದ್ದಳು, ಸೀರೆಯ ತುಂಬ ಸಿಪ್ಪೆ. ಒಳಗೆ ಬಾ ಎಂದರೂ ಬರಲಿಲ್ಲ.

“ನಿಮ್ಮೆಜಮಾನ್ರು ಬಂದಿದ್ದಾರಂತಲ್ಲ, ಹಬ್ಬಕ್ಕಾ?” ಎಂದು ನಾನು ನಗುತ್ತಾ ಕೇಳಿಬಿಟ್ಟೆ.

“ಯಾವಬ್ಬ ಅಕ್ಕೋರೆ. ಕಳ್ಳನ್ನ ಅಟ್ದಂಗೆ ಅಟ್ಬುಟ್ರು” ಎಂದಳು.

ಅವನು ಬಂದು ಹದಿನೈದು ದಿನವಾಯಿತಂತೆ. ಯಾವುದೋ ಎಂಜಿನ್ನಿನ ರಬ್ಬರಿಗೆ ಎಣ್ಣೆ ಬಿದ್ದು ಹಾಳಾಗಿದೆ, ಒರೆಸುವವನು ನೀನೇ, ಡೀಸೆಲ್ಲೋ ಎಂಥದೋ ಹಾಕಿ ಒರೆಸಿದ್ದೀಯ ಎಂದು ವಿಚಾರಣೆ ಮಾಡಿ, ಕೊರಳಿನ ಚೀಟಿ ಕಿತ್ತುಕೊಂಡು ಗೇಟಿನ ಹೊರಗೆ ಬಿಟ್ಟರಂತೆ. ಇನ್ನು ಆ ಬಂದರಿನಲ್ಲಿ ಯಾವ ಗುತ್ತಿಗೆದಾರನೂ ಅವನನ್ನು ಸೇರಿಸುವುದಿಲ್ಲವಂತೆ. ಇಲ್ಲಿ ಲಾರಿಗೆ ಮೂಟೆ ಹಾಕಲು ಹೋದರೆ ಜೊತೆಯವರು “ಹಡಗು ಮುಳುಗಿಸ್ಬುಟ್ಟು ಬಂದವ್ನೆ, ಲಾರಿ ಜ್ವಾಪಾನ ಕಣ್ಲಾ” ಎಂದು ಆಡಿಕೊಳ್ಳುತ್ತಾರಂತೆ. ಈಗ ಮನೆ ಬಿಟ್ಟು ಹೊರಗೇ ಬರುವುದಿಲ್ಲವಂತೆ.

ನಿನ್ನ ಶೆಡ್ಡಿನಲ್ಲೇ ಅಲ್ಲವೆ ಅವನು ಇದ್ದದ್ದು? ನೀನು ಅಲ್ಲಿದ್ದೂ ಹೀಗಾಯಿತೆಂದರೆ ನಿನಗೂ ಕಷ್ಟವಾಗಿರಬೇಕು, ಅದಕ್ಕೇ ಬರೆಯಲಿಲ್ಲವೇನೋ. ಆದರೆ ಅವನು ಅಂಥವನಲ್ಲ ಎಂದು ನೀನೊಬ್ಬ ಹೇಳಿದರೆ ನಂಬುವುದಿಲ್ಲವೆ? ಅಷ್ಟಕ್ಕೂ ಅದು ಯಾವ ಎಣ್ಣೆ ಎಂದು ಯಾರಾದರೂ ನೋಡಿದ್ದಾರೆಯೇ?

ದಯವಿಟ್ಟು ಅವನ ಪರವಾಗಿ ಮಾತಾಡು.

ಅಕ್ಕ


ಮುಂಬಯಿ
19 ಜನವರಿ 1998

ಅಕ್ಕ,

ಚುಚ್ಚಿ ಬರೆಯಬೇಡ. ಗೊತ್ತಿದ್ದರೆ ನೇರವಾಗಿ ಕೇಳು. “ಅದು ಯಾವ ಎಣ್ಣೆ” ಎಂದು ಕೇಳಿದ್ದೀಯ. ತರಗತಿಯಲ್ಲಿ ತಪ್ಪು ಮಾಡಿದವನನ್ನು ನೀನು ಹಾಗೇ ಕೇಳುವುದು, ಅವನೇ ಎದ್ದು ನಿಲ್ಲಲಿ ಎಂದು. ನಿಂಗಣ್ಣ ನಿನಗೆ ಎಲ್ಲ ಹೇಳಿದ್ದಾನೆ ಎಂದು ಆ ಸಾಲಿನಲ್ಲೇ ತಿಳಿಯಿತು.

ಹೌದು. ನಮ್ಮ ಎಣ್ಣೆಯೇ.

ಹಲಸಿನ ಮರಕ್ಕೆ ಎಣ್ಣೆ ಅಮೃತ, ರಬ್ಬರಿಗೆ ವಿಷ. ಇದು ನನಗೆ ಗೊತ್ತಿಲ್ಲದ್ದಲ್ಲ. ಶೆಡ್ಡಿನ ಗೋಡೆಯ ಮೇಲೆ, ಪಾದಗಳ ಹತ್ತಿರ ಡೀಸೆಲ್, ಗ್ರೀಸು ತರಬೇಡಿ ಎಂದು ಬೋರ್ಡು ಬರೆಸಿದವನೇ ನಾನು. ಆದರೆ ಆ ದಿನ ನನ್ನ ಕೈಯಲ್ಲಿದ್ದದ್ದು ನನಗೆ ಎಣ್ಣೆ ಅನ್ನಿಸಲೇ ಇಲ್ಲ. ಪೂಜೆಯ ಸಾಮಾನು ಅನ್ನಿಸಿತು. ರಜೆ ಮುಗಿಯುವವರೆಗೆ ಬಟ್ಟಲುಗಳಲ್ಲಿ ನಿಂತ ಎಣ್ಣೆಯನ್ನು ರಬ್ಬರು ಕುಡಿದು ಊದಿಕೊಂಡಿತು. ಒಂದು ಮೂಲೆಯ ಪಾದ ಮೆತ್ತಗಾಗಿ ಚೌಕಟ್ಟು ಕೂದಲೆಳೆಯಷ್ಟು ವಾಲಿತು. ಅಷ್ಟಕ್ಕೇ ಒಂದು ಕೊಳವೆ ಹೋಗಿ ತಳದ ಉಕ್ಕಿಗೆ ತಾಗಿತು. ಎಲ್ಲಾದರೂ ಒಂದು ಕಡೆ ಉಕ್ಕು ಉಕ್ಕಿಗೆ ತಾಗಿದರೆ ಸಾಕು, ಉಳಿದ ಪಾದಗಳೆಲ್ಲ ವ್ಯರ್ಥ. ಸದ್ದೆಲ್ಲ ಅಲ್ಲಿಂದಲೇ ಇಳಿಯುತ್ತದೆ. ಪರೀಕ್ಷೆಯ ದಿನ ಸದ್ದನ್ನು ಅಳೆಯುವ ಉಪಕರಣದ ಮುಳ್ಳು ಹೊರಳಿದ್ದನ್ನು ನೋಡಿದೊಡನೆ ನನಗೆ ಆ ಬಟ್ಟಲುಗಳು ನೆನಪಾದವು.

ಆಮೇಲೆ ಆದದ್ದು ಇದಕ್ಕಿಂತ ವಿಚಿತ್ರ. ವಿಚಾರಣೆಯಲ್ಲಿ ಎಲ್ಲರನ್ನೂ ಕೇಳಿದರು: ಪಾದಗಳ ಹತ್ತಿರ ಎಣ್ಣೆ ಬಳಸಿದವರು ಯಾರು? ಯಾರೂ ಇಲ್ಲ ಎಂದರು. ಅವರೆಲ್ಲ ಅಲ್ಲೇ ಇದ್ದವರು, ಪೇಢೆ ತಿಂದವರು. ಸುಳ್ಳು ಹೇಳಲಿಲ್ಲ, ನಿಜವಾಗಿ ಅವರಿಗೆ ನೆನಪಾಗಲಿಲ್ಲ. ಪೂಜೆಯನ್ನು ಕೆಲಸವೆಂದು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಮುಖ್ಯ ಎಂಜಿನಿಯರರಿಗೂ ನೆನಪಾಗಲಿಲ್ಲ. ನೆನಪಿದ್ದವನು ನಾನೊಬ್ಬ.

ಪಾದಗಳನ್ನು ಬದಲಾಯಿಸಿಯಾಗಿದೆ. ಹಡಗಿಗೆ ಏನೂ ಆಗಿಲ್ಲ, ಎರಡನೆಯ ಪರೀಕ್ಷೆ ಚೆನ್ನಾಗಿ ಬಂತು. ನಿಂಗಣ್ಣನಿಗೆ ಮಂಗಳೂರಿನ ಕಡೆ ಬೇರೆ ಕೆಲಸ ಹುಡುಕುತ್ತಿದ್ದೇನೆ. ಸ್ವಲ್ಪ ಸಮಯ ಕೊಡು.

ಶಾಂತರಾಜು


ಚಾಮರಾಜನಗರ
2 ಫೆಬ್ರವರಿ 1998

ಶಾಂತು,

ನನಗೆ ಗೊತ್ತಿರಲಿಲ್ಲ. ನಿಂಗರಾಜು ನನಗೆ ಏನೂ ಹೇಳಿರಲಿಲ್ಲ. ನಾನು ಸುಮ್ಮನೆ ಕೇಳಿದ್ದೆ. ನಿನ್ನ ಕಾಗದವನ್ನು ಎರಡು ಸಲ ಓದಿದ ಮೇಲೆ, ನಾನು ಕೇಳದೇ ಇದ್ದ ಪ್ರಶ್ನೆಗೆ ನೀನು ಉತ್ತರ ಕೊಟ್ಟಿದ್ದೀಯ ಎಂದು ತಿಳಿಯಿತು. ಇಷ್ಟು ದಿನ ನಾನು ಒಂದು ಫೋಟೋವನ್ನು ಹಳಿಯುತ್ತಾ ಕೂತಿದ್ದೆ.

ಆ ಎಣ್ಣೆಯನ್ನು ಕಳಿಸಿದವಳು ನಾನು. “ಅಪ್ಪನ ಹಾಗೆಯೇ ಮಾಡು” ಎಂದು ಬರೆದವಳು ನಾನು. ಅದರಲ್ಲಿ ನಿನ್ನಷ್ಟೇ ಪಾಲು ನನ್ನದು. ಅಷ್ಟೇ ಆಗಿದ್ದರೆ ಇವತ್ತು ನಿನಗೆ ಸಮಾಧಾನದ ಮಾತು ಬರೆಯುತ್ತಿದ್ದೆ.

ಶನಿವಾರ ಅರ್ಧ ದಿನದ ಕಾಲೇಜು ಮುಗಿಸಿ ನಿಂಗರಾಜುವಿನ ಮನೆಗೆ ಹೋದೆ. ಜಗುಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಏಳಲಿಲ್ಲ.

“ನಿಮ್ ತಮ್ಮೋರು ಕಳ್ಸುದ್ರಾ, ನೀವೇ ಬಂದ್ರಾ?” ಎಂದ.

“ನಾನೇ ಬಂದೆ.”

“ಅಂಗಾರೆ ಕೂತ್ಕಳಿ. ಅವ್ರು ಕಳ್ಸಿದ್ರೆ ನಿಂತ್ಕಂಡೇ ಓಗಿ ಅಂತಿದ್ದೆ.”

ಎಣ್ಣೆಯ ವಿಷಯ ನನಗೆ ಈಗ ಗೊತ್ತಾಯಿತು, ಅದು ಶಾಂತುವಿನ ಕೈಯಿಂದಾದ ತಪ್ಪು, ಎಂದೆ. ಹಗ್ಗವನ್ನು ಬದಿಗಿಟ್ಟ.

“ಎಣ್ಣೆ ಆಕಿದ್ಕೆ ನಂಗೆ ಕ್ವಾಪ ಇಲ್ಲ ಕಣಕ್ಕ. ಇಂಜಿನೇರೇ ಬಳೀತಾವ್ನೆ, ನಾನೇನ್ ಏಳ್ಳಿ? ದೀಪ ಇಡ್ಕಂಡು ನಾನೂ ಕುಸಿ ಪಟ್ಟೆ. ಆದ್ರೆ ಇಚಾರಣೆ ದಿನ ಏನಾಯ್ತು ಏಳುದ್ನಾ ನಿಮ್ಗೆ?”

ನೀನು ಬರೆದಿರಲಿಲ್ಲ, ಶಾಂತು. ಅವನು ಹೇಳಿದ.

“ಮೂರು ಜನ ಸಾಯೇಬ್ರು ಕೂತಿದ್ರು. ಅವ್ರ ಮಾತು ನಂಗ್ ಬರಕಿಲ್ಲ, ನನ್ ಮಾತು ಅವ್ರಿಗ್ ಬರಕಿಲ್ಲ. ಮದ್ದೆ ಶಾಂತಪ್ಪನ್ನ ಕೂರ್ಸಿದ್ರು, ನನ್ ಮಾತ ಅವ್ರಿಗೆ ಏಳು ಅಂತ. ನಮ್ಮೋನೇ ಕೂತವ್ನಲ್ಲ, ಎಗಲ್ ಮೇಲೆ ಒತ್ತು ಬೆಳಸಿದ್ ಮಗ ಅಂತ ನಂಗೂ ಧೈರ್ಯ. ‘ಎಣ್ಣೆ ನೀನ್ ಹಾಕ್ದಾ?’ ಅಂದ. ‘ನಾನಾಕ್ಲಿಲ್ಲ ಕಣಪ್ಪ, ಪೂಜೆ ದಿನ ಊರೆಣ್ಣೆ ಬಳುದ್ರಲ್ಲ, ಬಟ್ಲಲ್ಲಿ ನಿಂತಿತ್ತಲ್ಲ, ಅದೇ ಇರ್ಬೇಕು, ಮೂಸ್ ನೋಡೂಂತ ಏಳು ಸಾಯೇಬ್ರಿಗೆ’ ಅಂದೆ. ಅವ್ನೆಸ್ರು ಕೂಡ ಎತ್ಲಿಲ್ಲ. ಇಷ್ಟುದ್ದ ಏಳ್ದೆ. ಅವ್ನು ಅತ್ತಗ್ ತಿರಿಕ್ಕಂಡು ಎರಡೇ ಮಾತಲ್ಲಿ ಮುಗಿಸ್ಬುಟ್ಟ. ನಂಗೆ ಇಂಗ್ಲೀಸ್ ಬರಕಿಲ್ಲ ಕಣಕ್ಕ. ಉದ್ದ ಗಿಡ್ಡ ಗೊತ್ತಾಗ್ದಾ?”

ಒಳಗಿನಿಂದ ಮಲ್ಲಿಗಮ್ಮ, “ಆವತ್ತೇ ಅರಚ್ಬೇಕಿತ್ತು. ಬಾಯ್ಗೆ ರಾಗಿ ಮುದ್ದೆ ಇಟ್ಕಂಡಿದ್ದ?” ಎಂದಳು.

“ಯಾರ್ ಮುಂದೆ ಅರಚ್ಲಮ್ಮಿ? ಅರಚಿದ್ರೂ ಅವ್ನೇ ಅಲ್ವಾ ಅದ್ನೂ ಏಳ್ಬೇಕಾದೋನು” ಎಂದ.

ನಾನು ಅಲ್ಲಿಂದ ಹೇಗೆ ಬಸ್ ಸ್ಟ್ಯಾಂಡಿಗೆ ಬಂದೆನೋ ತಿಳಿಯದು.

ನೀನು ಆ ಕೋಣೆಯಲ್ಲಿ ಏನೆಂದೆ? ಆ ಎರಡು ಮಾತು ಯಾವುವು? ಬರೆ.

ಅಕ್ಕ


ಮುಂಬಯಿ
12 ಫೆಬ್ರವರಿ 1998

ಅಕ್ಕ,

“ಇಲ್ಲ ಅನ್ನುತ್ತಾನೆ” ಎಂದೆ. ಅಷ್ಟೇ.

ಅದು ಸುಳ್ಳಲ್ಲ. ಅವನು ಇಲ್ಲ ಎಂದೇ ಅಂದದ್ದು. ಉಳಿದದ್ದನ್ನೂ ಹೇಳುವವನೇ ಇದ್ದೆ. ಬಾಯಿ ತೆರೆದೆ. ಅಷ್ಟರಲ್ಲಿ ಒಬ್ಬರು, ಇವನಿಗೆ ಬೋರ್ಡು ಓದಲು ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲ ಎಂದೆ. ಅವರು ಬರೆದುಕೊಂಡರು. ಇನ್ನೊಬ್ಬರು, ಹೋಗಲಿ ಬಿಡಿ, ಗುತ್ತಿಗೆಯವನು ತಾನೆ, ಎಂದರು. ಎಲ್ಲರಿಗೂ ಮುಗಿಸುವ ಆತುರ. ನನ್ನ ಮಾತಿಗೆ ಜಾಗವೇ ಉಳಿಯಲಿಲ್ಲ ಎಂದು ಆಗ ಅನ್ನಿಸಿತು. ಈಗ ಹಾಗನ್ನಿಸುವುದಿಲ್ಲ. ನಿಂಗಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಅವನ ಕೊರಳಿನ ಚೀಟಿಯನ್ನು ನೋಡುತ್ತಿದ್ದೆ.

ಒಂದೇ ಒಂದು ಮಾತು ಕೇಳುತ್ತೇನೆ. ವಿನ್ಯಾಸ ತಂಡದ ಪಟ್ಟಿ ಮಾರ್ಚ್ ಕೊನೆಯೊಳಗೆ ಬರುತ್ತದೆ. ನನ್ನ ಹೆಸರು ಇದೆ. ಅದೊಂದು ಬರಲಿ. ಆಮೇಲೆ ನಾನೇ ಹೋಗಿ ಹೇಳುತ್ತೇನೆ. ಈಗ ಹೇಳಿದರೆ ನಿಂಗಣ್ಣನಿಗೆ ಗುಡಿಸುವ ಕೆಲಸ ವಾಪಸ್ಸು ಸಿಗುತ್ತದೆ, ನನಗೆ ಇಡೀ ಹಡಗು ಹೋಗುತ್ತದೆ. ಎರಡನ್ನೂ ತೂಗಿ ನೋಡು.

ಶಾಂತರಾಜು


ಚಾಮರಾಜನಗರ
1 ಮಾರ್ಚ್ 1998

ಶಾಂತು,

ತೂಗಿ ನೋಡು ಎಂದೆಯಲ್ಲ. ಆ ಸಾಲನ್ನು ಓದಿ ನಾನು ಕಾಗದ ಮಡಿಸಿಟ್ಟೆ. ನಿನಗೆ ಅಕ್ಷರ ತಿದ್ದಿಸಿದವಳು ನಾನು.

ಪಟ್ಟಿ ಬಂದ ಮೇಲೆ ನೀನು ಹೇಳುವುದಿಲ್ಲ. ನೀನು ಕೆಟ್ಟವನು ಎಂದಲ್ಲ. ಆಮೇಲೆ ಹಡಗಿನ ತಳ ಹಾಕುವ ದಿನ ಬರುತ್ತದೆ, ಅದಾದ ಮೇಲೆ ನೀರಿಗಿಳಿಸುವ ದಿನ. ಹೇಳದಿರಲು ಒಳ್ಳೆಯ ಕಾರಣಗಳು ದೊಡ್ಡ ಕೆಲಸದಲ್ಲಿ ಮುಗಿಯುವುದೇ ಇಲ್ಲ.

ನಿಂಗರಾಜುವನ್ನು ಮನೆಗೆ ಕರೆಸಿದೆ. ಅವನು ಆ ದಿನ ಕೋಣೆಯಲ್ಲಿ ಹೇಳಿದ್ದನ್ನು ಇನ್ನೊಮ್ಮೆ ಹೇಳಲು ಕೇಳಿ, ಇಂಗ್ಲಿಷಿನಲ್ಲಿ ಬರೆದೆ. ಬರೆದದ್ದನ್ನು ಮತ್ತೆ ಕನ್ನಡದಲ್ಲಿ ಓದಿ ಹೇಳಿದೆ. ಎರಡು ಕಡೆ “ನಾನಂಗಂದಿಲ್ಲ” ಎಂದ, ತಿದ್ದಿದೆ. ಪದ್ಯಗಳಿಗೆ ಅರ್ಥ ಹೇಳುವುದು ನನ್ನ ಹೊಟ್ಟೆಪಾಡು. ಒಂದು ಸಾಲು ಬಿಟ್ಟು ಹೇಳಿದರೆ ಪದ್ಯ ಸುಳ್ಳಾಗುವುದಿಲ್ಲ, ಬೇರೆಯವರದಾಗುತ್ತದೆ. ಕೊನೆಯಲ್ಲಿ, ಎಣ್ಣೆ ಕಳಿಸಿದವಳು ನಾನು ಎಂದು ಬರೆದು ನನ್ನ ಹೆಸರು ಹಾಕಿದ್ದೇನೆ: ಗುರುಸಿದ್ದಮ್ಮ, ಕನ್ನಡ ಅಧ್ಯಾಪಕಿ. ನಿನ್ನ ಹೆಸರನ್ನು ಅವನು ಹೇಳಲಿಲ್ಲ, ಹಾಗಾಗಿ ನಾನೂ ಬರೆಯಲಿಲ್ಲ. ಪೂಜೆ ಮಾಡಿದವರು ಯಾರು ಎಂದು ಅವರು ಕೇಳುತ್ತಾರೆ. ಅದಕ್ಕೆ ಉತ್ತರ ಕೊಡುವುದು ನಿನ್ನ ಕೆಲಸ.

ಅವ್ವ ನನ್ನನ್ನು ಮೆಚ್ಚಿದಳೆಂದು ತಿಳಿಯಬೇಡ. ನಿಂಗರಾಜು ಹೋದ ಮೇಲೆ, “ನನ್ ಮಗನ್ ಬಾಳು ಆಳ್ ಮಾಡ್ಬುಟ್ಟೆ. ಕಾಗ್ದ ಈಸ್ಕಂಡು ಅರ್ದಾಕು ಕಣಮ್ಮಿ” ಎಂದು ಅತ್ತಳು. ಎರಡು ದಿನ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ನಾನು ಹರಿಯಲಿಲ್ಲ. ಆದರೆ ಸರಿಯಾದದ್ದನ್ನು ಮಾಡಿದೆ ಎಂಬ ಹಗುರವೂ ನನಗಿಲ್ಲ. ನಿನ್ನ ಹೆಸರು ಪಟ್ಟಿಯಲ್ಲಿ ಇರಲಿ ಎಂದು ಈಗಲೂ ದೇವರಿಗೆ ಕೈಮುಗಿಯುತ್ತೇನೆ. ಕೈಮುಗಿಯುವಾಗ ನಾಚಿಕೆಯಾಗುತ್ತದೆ.

ನಿಂಗರಾಜು ಆ ಕಾಗದ ಹಿಡಿದು ಇದೇ ಶುಕ್ರವಾರ ರೈಲು ಹತ್ತುತ್ತಾನೆ. ಒಂಬತ್ತನೆಯ ತಾರೀಖು ಸೋಮವಾರ, ಬೆಳಗಿನ ಪಾಳಿಗೆ ಬಾಗಿಲು ತೆರೆಯುವಾಗ ಗೇಟಿನ ಹೊರಗೆ ನಿಂತಿರುತ್ತಾನೆ. ನಿನ್ನ ಮನೆಗೆ ಬರುವುದಿಲ್ಲವಂತೆ. ಈ ಪತ್ರ ಅವನಿಗಿಂತ ಮೊದಲು ಮುಟ್ಟಲಿ ಎಂದು ಇವತ್ತೇ ಬರೆಯುತ್ತಿದ್ದೇನೆ.

ಚೀಟಿಯಿಲ್ಲದವನನ್ನು ಕಾವಲಿನವರು ಒಳಗೆ ಬಿಡುವುದಿಲ್ಲ. ಯಾರಾದರೂ ಒಳಗಿನವರು ಬಂದು ಕರೆದುಕೊಂಡು ಹೋಗಬೇಕು.

ಅಕ್ಕ


ಮುಂಬಯಿ
14 ಮಾರ್ಚ್ 1998

ಅಕ್ಕ,

ನಿನ್ನ ಪತ್ರ ಶನಿವಾರ ಸಿಕ್ಕಿತು. ಭಾನುವಾರವೆಲ್ಲ, ಆರೋಗ್ಯ ಸರಿಯಿಲ್ಲವೆಂದು ಸೋಮವಾರ ರಜೆ ಹಾಕಿಬಿಡೋಣವೆಂದೇ ಯೋಚಿಸುತ್ತಿದ್ದೆ. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ಸೋಮವಾರ ಬೆಳಿಗ್ಗೆ ಗೇಟಿನ ಎದುರಿನ ಚಹಾ ಅಂಗಡಿಯ ಪಕ್ಕ ನಿಂತಿದ್ದ. ಬಿಳಿ ಷರಟು ಹಾಕಿದ್ದ. ನಾನು ಹತ್ತಿರ ಹೋಗಿ, “ನಿಂಗಣ್ಣ, ನಡಿ, ಹೋಗನ” ಎಂದೆ. ನನ್ನ ಹಿಂದೆ ಬಂದ. ಕಾವಲಿನವರ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ನಾನು ಸಹಿ ಹಾಕಿದೆ.

ಮುಖ್ಯ ಎಂಜಿನಿಯರರು ನಿನ್ನ ಕಾಗದವನ್ನು ನಿಧಾನವಾಗಿ ಓದಿದರು. ಆಮೇಲೆ ಅವನನ್ನು ಕೇಳಲು ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ನಿಂಗಣ್ಣ ಕೈ ಅಡ್ಡ ಹಿಡಿದು, “ಮೈ ಬೋಲೇಗಾ ಸಾಬ್”, ನಾನೇ ಹೇಳುತ್ತೇನೆ, ಎಂದ. ಹೇಳಿದ. ಊರಿಗೆ ಬಂದ ಮೇಲೆ ರಾತ್ರಿ ಹೊತ್ತು ಗುಂಡ್ಲುಪೇಟೆಯಲ್ಲಿ ನಿಲ್ಲುವ ಉತ್ತರದ ಕಡೆಯ ಲಾರಿಗಳ ಡ್ರೈವರುಗಳ ಹತ್ತಿರ ಕೂತು ಹಿಂದಿ ಕಲಿತನಂತೆ. ಹೆಣ್ಣು ಗಂಡು ಒಂದೂ ಸರಿಯಿಲ್ಲ. ಆದರೆ ಎಲ್ಲವನ್ನೂ ಹೇಳಿದ, ಉದ್ದಕ್ಕೆ, ಎಲ್ಲೂ ನಿಲ್ಲದೆ. ಪೂಜೆ ಮಾಡಿದವರು ಯಾರೆಂದು ಮಾತ್ರ ಹೇಳದೆ ನಿಲ್ಲಿಸಿದ.

“ನಾನು” ಎಂದೆ. ಅವತ್ತು ಅವನು ಇದನ್ನೆಲ್ಲ ಹೇಳಿದ್ದ, ನಾನು ಬಿಟ್ಟೆ, ಎಂದೆ.

ಅವರು ವರದಿಯ ಕಡತ ತೆರೆದರು. “ಆ ದಿನ ನಾನೂ ಅಲ್ಲೇ ಕೈಮುಗಿದು ನಿಂತಿದ್ದೆ” ಎಂದರು. ಅದನ್ನು ವರದಿಯಲ್ಲಿ ಬರೆಯಲಿಲ್ಲ.

ಅವನ ಮೇಲಿನ ಆರೋಪ ತೆಗೆದರು. ಬುಧವಾರ ಹೊಸ ಚೀಟಿ ಕೊಟ್ಟರು. ನನ್ನ ಹೆಸರನ್ನು ಪಟ್ಟಿಯಿಂದ ತೆಗೆದಿದ್ದಾರೆ. ಸೋಮವಾರದಿಂದ ಉಗ್ರಾಣದ ವಿಭಾಗ. ಹಡಗನ್ನು ಬೇರೆಯವರು ಬರೆಯುತ್ತಾರೆ. ಅವ್ವನಿಗೆ ಹೇಗೆ ಹೇಳುತ್ತೀಯೋ ಹೇಳು, ಆದರೆ ಸಾಲು ಸೇರಿಸಬೇಡ.

ನಿನ್ನೆ ಶೆಡ್ಡಿಗೆ ನನ್ನ ಸಾಮಾನು ತರಲು ಹೋದೆ. ನಿಂಗಣ್ಣ ನೆಲ ಒರೆಸುತ್ತಿದ್ದ. “ಸಂಜೆ ಮನೆಗೆ ಬಾ ನಿಂಗಣ್ಣ, ಮುದ್ದೆ ಮಾಡ್ತೀನಿ, ಒಟ್ಟಿಗೆ ಉಣ್ಣನ” ಎಂದೆ. ಒರೆಸುವುದನ್ನು ನಿಲ್ಲಿಸಿ ಎದ್ದು ನಿಂತ. ಸಿಟ್ಟಿರಲಿಲ್ಲ ಅವನ ಮುಖದಲ್ಲಿ.

“ನಹೀ ಸಾಬ್” ಎಂದ. “ಖಾನಾ ಹೋ ಗಯಾ.” ಊಟ ಆಯಿತಂತೆ.

ಈಗ ನನ್ನ ಜೊತೆಯೂ ಅವನು ಹಿಂದಿಯಲ್ಲೇ ಮಾತಾಡುತ್ತಾನೆ, ಅಕ್ಕ.

ಶಾಂತರಾಜು